ಔಷಧಿ ಹೊಡೆಯದೆ ಕೈತೋಟದ ಕಳೆ ಹತೋಟಿಗೆ ತರುವುದು ಹೇಗೆ?

ಕೈತೋಟ ಶುರು ಮಾಡಿದ ಮೊದಲ ವರ್ಷ ನಮ್ಮ ತೋಟದ ಒಂದು ಮೂಲೆಯಲ್ಲಿ ಜೇಕು ಅನ್ನುವ ಕಳೆ ಎದ್ದಿತ್ತು. ಹೆಚ್ಚೇನಲ್ಲ, ಒಂದು ಚಾಪೆ ಹಾಸುವಷ್ಟು ಜಾಗ. ಹುಮ್ಮಸ್ಸಿನಲ್ಲಿ ಗುದ್ದಲಿ ತಗೊಂಡು ಅಷ್ಟನ್ನೂ ಅಗೆದೆ. ಮಣ್ಣು ಮಗುಚಿದೆ, ಹೆಂಟೆ ಒಡೆದೆ, ಕಣ್ಣಿಗೆ ಕಂಡ ಹುಲ್ಲನ್ನೆಲ್ಲ ಆರಿಸಿ ಬಿಸಾಡಿದೆ. ಸೊಂಟ ಹಿಡಿದುಕೊಂಡರೂ ಜಾಗ ನೋಡಲು ಹಸನಾಗಿತ್ತು. ಮೂರು ವಾರ ಕಳೆಯಿತು. ಒಂದು ಚಾಪೆಯಷ್ಟಿದ್ದ ಜೇಕು ಎರಡು ಚಾಪೆಯಷ್ಟಾಗಿತ್ತು, ಅದೂ ಮೊದಲಿಗಿಂತ ಒತ್ತಾಗಿ.

ಯಾಕೆ ಹಾಗಾಯಿತು ಅಂತ ಮುಂದೆ ಹೇಳುತ್ತೇನೆ. ಅವತ್ತು ಕಲಿತಿದ್ದು ಇಷ್ಟು: ಕಳೆಯ ಜೊತೆ ಜಿದ್ದಿಗೆ ಬಿದ್ದು ಅಗೆದರೆ ಸೋಲುವವರು ನಾವೇ. ಚಿಕ್ಕದಿರುವಾಗ ತೆಗೆಯಬೇಕು, ಬೀಜ ಕಟ್ಟಲು ಬಿಡಬಾರದು, ನೆಲವನ್ನು ಬರಿ ಮೈಯಲ್ಲಿ ಬಿಡಬಾರದು. ಕೆಳಗೆ ಹೇಳಿರುವ ಉಪಾಯಗಳೆಲ್ಲ ಈ ಮೂರರ ಸುತ್ತಲೇ ಇವೆ.

ಮಣ್ಣೊಳಗೆ ಒಂದು ಕಣಜ ಇದೆ

ಕಳೆ ಎಲ್ಲಿಂದ ಬರುತ್ತದೆ? ಗಾಳಿಯಲ್ಲಿ, ಹಕ್ಕಿಯ ಹೊಟ್ಟೆಯಲ್ಲಿ, ಗೊಬ್ಬರದಲ್ಲಿ ಬರುವುದು ನಿಜ. ಆದರೆ ಬಹುಪಾಲು ಕಳೆ ಈಗಾಗಲೇ ನಿಮ್ಮ ಮಣ್ಣಲ್ಲೇ ಇದೆ, ಬೀಜವಾಗಿ ಮಲಗಿದೆ. ಒಂದೇ ಒಂದು ಗೋಣಿಸೊಪ್ಪಿನ ಗಿಡ ಹತ್ತಾರು ಸಾವಿರ ಬೀಜ ಉದುರಿಸಬಲ್ಲದು. ಪಾರ್ಥೇನಿಯಂ (ಕಾಂಗ್ರೆಸ್ ಗಿಡ ಅಂತೀವಲ್ಲ, ಅದೇ) ಗಿಡವೊಂದಕ್ಕೆ 15,000ದಿಂದ 25,000 ಬೀಜ. ಇವೆಲ್ಲ ಒಟ್ಟಿಗೆ ಮೊಳೆಯುವುದಿಲ್ಲ. ಸ್ವಲ್ಪ ಈ ವರ್ಷ, ಸ್ವಲ್ಪ ಮುಂದಿನ ವರ್ಷ, ಉಳಿದದ್ದು ಅವಕಾಶ ಸಿಕ್ಕಾಗ.

ಈ ಬೀಜಗಳು ಎಷ್ಟು ವರ್ಷ ಕಾಯುತ್ತವೆ ಅನ್ನುವುದಕ್ಕೆ ಒಂದು ಹಳೆಯ ಪ್ರಯೋಗ ಇದೆ. ಅಮೆರಿಕದ ಮಿಷಿಗನ್‌ನಲ್ಲಿ ವಿಲಿಯಂ ಜೇಮ್ಸ್ ಬೀಲ್ ಎಂಬ ಸಸ್ಯವಿಜ್ಞಾನಿ 1879ರಲ್ಲಿ 20 ಬಾಟಲಿಗಳಲ್ಲಿ ಮರಳಿನ ಜೊತೆ ಕಳೆ ಬೀಜ ತುಂಬಿ ಹೂತಿಟ್ಟರು. ಆಗಾಗ ಒಂದೊಂದು ಬಾಟಲಿ ತೆಗೆದು ಬೀಜ ಮೊಳೆಯುತ್ತದಾ ನೋಡುವುದು ಅವರ ಯೋಜನೆ. ಬೀಲ್ ತೀರಿಕೊಂಡ ಮೇಲೂ ಬೇರೆಯವರು ಮುಂದುವರಿಸಿದರು. 2021ರಲ್ಲಿ, ಅಂದರೆ 142 ವರ್ಷಗಳ ನಂತರ ತೆಗೆದ ಬಾಟಲಿಯಲ್ಲೂ ಕೆಲವು ಬೀಜ ಮೊಳೆತವು!

ಹೆದರಬೇಡಿ, ಎಲ್ಲ ಕಳೆಯೂ ಅಷ್ಟು ಗಟ್ಟಿ ಅಲ್ಲ. ಹೊಸ ಬೀಜ ಬೀಳದಂತೆ ನೋಡಿಕೊಂಡರೆ ಈ ಕಣಜ ವರ್ಷದಿಂದ ವರ್ಷಕ್ಕೆ ಖಾಲಿಯಾಗುತ್ತಾ ಬರುತ್ತದೆ. ಸಣ್ಣ ಬೀಜಗಳು ಸಾಮಾನ್ಯವಾಗಿ ಮೇಲಿನ ಎರಡು ಮೂರು ಸೆಂಟಿಮೀಟರ್ ಮಣ್ಣಿನಿಂದ ಮಾತ್ರ ಎದ್ದು ಬರಬಲ್ಲವು. ಅನೇಕ ಬೀಜಗಳಿಗೆ ಮೊಳೆಯಲು ಬೆಳಕಿನ ಸುಳಿವೂ ಬೇಕು. ಆಳಕ್ಕೆ ಅಗೆದಾಗಲೆಲ್ಲ ನೀವು ಕೆಳಗಿನ ಬೀಜವನ್ನು ಮೇಲೆ ತಂದು, ಬೆಳಕು ತೋರಿಸಿ ಎಬ್ಬಿಸುತ್ತಿದ್ದೀರಿ ಅಂತಲೇ ಅರ್ಥ.

ಅಂದ ಹಾಗೆ, ಔಷಧಿಗೂ ಈ ಕಣಜ ಬಗ್ಗುವುದಿಲ್ಲ. ಗ್ಲೈಫೋಸೇಟ್‌ನಂಥ ಕಳೆನಾಶಕ ಒಳಗೆ ಇಳಿಯುವುದು ಹಸಿರೆಲೆಯ ಮೂಲಕ. ಮಣ್ಣಲ್ಲಿ ಮಲಗಿರುವ ಬೀಜಕ್ಕೆ ಅದರಿಂದ ಏನೂ ಆಗುವುದಿಲ್ಲ.

ಹೆಜ್ಜೆ 1: ಕಳೆಯ ಗುರುತು ಹಿಡಿಯಿರಿ

ಹೆಸರು ಗೊತ್ತಿಲ್ಲದಿದ್ದರೂ ಪರವಾಗಿಲ್ಲ, ಸ್ವಭಾವ ಗೊತ್ತಿರಬೇಕು. ಒಂದನ್ನು ಬೇರು ಸಮೇತ ಕಿತ್ತು ಕೈಯಲ್ಲಿ ಹಿಡಿದು ನೋಡಿ.

ಬೇರು ಸಣ್ಣ ಗುಂಜಿನ ಹಾಗಿದ್ದು, ಗಿಡ ಸುಲಭವಾಗಿ ಬಂದರೆ ಅದು ಬಹುಶಃ ಬೀಜದಿಂದ ಬರುವ ಒಂದೇ ಸೀಸನ್ನಿನ ಕಳೆ. ಗೋಣಿಸೊಪ್ಪು, ಮುಳ್ಳುಹರಿವೆ, ನೆಲನೆಲ್ಲಿ, ಪಾರ್ಥೇನಿಯಂ ಈ ಗುಂಪಿನವು. ಹೂವಿಗೆ ಮೊದಲು ತೆಗೆದರೆ ಇವುಗಳ ಕಥೆ ಮುಗಿಯಿತು.

ಬಳ್ಳಿಯಂತೆ ನೆಲದ ಮೇಲೆ ಹರಿದು, ಪ್ರತಿ ಗೆಣ್ಣಿನಲ್ಲೂ ಬೇರು ಬಿಟ್ಟಿದೆಯಾ? ಅಥವಾ ಮಣ್ಣೊಳಗೆ ಬಿಳಿ ಹಗ್ಗದಂಥ ಕಾಂಡ, ಗಡ್ಡೆ ಇದೆಯಾ? ಗರಿಕೆ, ಜೇಕು ಈ ಜಾತಿ. ಇವಕ್ಕೆ ಬೇರೆಯೇ ಲೆಕ್ಕ.

ಮೂರನೆಯದು ಗಜ್ಜರಿಯಂತೆ ಒಂದೇ ತಾಯಿಬೇರು ಇಳಿಸುವ ಗಿಡ. ಮೇಲಿನದು ಮುರಿದು ಬಂದರೆ ಒಳಗೆ ಉಳಿದ ತುಂಡಿನಿಂದ ಮತ್ತೆ ಚಿಗುರುವವು ಇವುಗಳಲ್ಲಿ ಕೆಲವಿವೆ. ಇವನ್ನು ಎಳೆಯುವ ಮೊದಲು ಪಕ್ಕದಲ್ಲಿ ಒಂದು ಉದ್ದನೆಯ ಚೂಪು ಸಲಾಕೆ ಇಳಿಸಿ ಮಣ್ಣು ಸಡಿಲಿಸಿ.

ಎಲ್ಲವನ್ನೂ ಕೀಳಲೇಬೇಕು ಅಂತಿಲ್ಲ. ಬೇಲಿಯ ಪಕ್ಕ ನಾಲ್ಕು ತುಂಬೆ ಗಿಡ ಹೂ ಬಿಟ್ಟರೆ ಜೇನಿಗೆ ಒಳ್ಳೆಯದು. ತರಕಾರಿ ಮಡಿಯಲ್ಲಿ ಮಾತ್ರ ಮುಲಾಜು ಬೇಡ.

ಹೆಜ್ಜೆ 2: ಬಿಳಿ ದಾರದ ಹಂತದಲ್ಲೇ ಹಿಡಿಯಿರಿ

ಉಗುರಲ್ಲಿ ಹೋಗುವುದಕ್ಕೆ ಕೊಡಲಿ ಎತ್ತಿದ ಹಾಗೆ ಅಂತ ಗಾದೆ ಇದೆಯಲ್ಲ, ಕಳೆಯ ವಿಷಯದಲ್ಲಿ ಅದು ಅಕ್ಷರಶಃ ನಿಜ. ಬೀಜ ಹಾಕಿದ ಮಡಿಗೆ ನೀರು ಕೊಟ್ಟು ಆರೇಳು ದಿನ ಆದ ಮೇಲೆ, ಸಾಲುಗಳ ಮಧ್ಯದ ಮಣ್ಣನ್ನು ಬೆರಳ ತುದಿಯಿಂದ ಸುಮ್ನೆ ಕೆದಕಿ ನೋಡಿ. ಕೂದಲಿಗಿಂತ ಸ್ವಲ್ಪ ದಪ್ಪದ ಬಿಳಿ ಎಳೆಗಳು ಕಾಣುತ್ತವೆ. ಕೆಲವಕ್ಕೆ ತುದಿಯಲ್ಲಿ ಬೀಜದ ಸಿಪ್ಪೆ ಇನ್ನೂ ಟೋಪಿಯ ಹಾಗೆ ಕೂತಿರುತ್ತದೆ. ಅವು ಇನ್ನೂ ಮಣ್ಣಿನಿಂದ ಆಚೆ ಬಂದಿಲ್ಲ. ನೀವು ಕೆದಕಿದ್ದರಿಂದಲೇ ಅವುಗಳ ಬೇರು ಗಾಳಿಗೆ ಬಿತ್ತು. ಮಧ್ಯಾಹ್ನದ ಹೊತ್ತಿಗೆ ಒಣಗಿ ಹೋಗುತ್ತವೆ. ಬಗ್ಗಿ ಒಂದೊಂದೇ ಕೀಳುವ ಕೆಲಸವೇ ಇಲ್ಲ.

ಈ ಹಂತಕ್ಕೆ ದೊಡ್ಡ ಸಲಕರಣೆ ಬೇಡ. ತೆಳು ಅಲಗಿನ ಕೈಗುದ್ದಲಿ ಸಾಕು. ಅಲಗನ್ನು ನೆಲಕ್ಕೆ ಬಹುತೇಕ ಸಮವಾಗಿ ಹಿಡಿದು, ಒಂದೆರಡು ಸೆಂಟಿಮೀಟರ್ ಆಳದಲ್ಲಿ ಹೆರೆಯುತ್ತಾ ಹೋಗಬೇಕು. ಅಗೆಯಬಾರದು, ಹೆರೆಯಬೇಕು. ಅಲಗು ಹರಿತವಾಗಿರಲಿ. ಮೊಂಡು ಅಲಗು ಸಸಿಯನ್ನು ಕತ್ತರಿಸದೆ ಮಣ್ಣಿಗೆ ಒತ್ತಿಬಿಡುತ್ತದೆ, ಎರಡು ದಿನಕ್ಕೆ ಅದು ಮತ್ತೆ ತಲೆ ಎತ್ತುತ್ತದೆ.

ಹೊತ್ತು ನೋಡಿ ಕೆಲಸ ಮಾಡಿ:

ಹೆರೆಯುವುದಿದ್ದರೆ ಮಣ್ಣು ಮೇಲೆ ಒಣಗಿರಬೇಕು, ಬಿಸಿಲಿರಬೇಕು. ಬೆಳಿಗ್ಗೆ ಹೆರೆದರೆ ಸಂಜೆಯೊಳಗೆ ಕಳೆ ಸತ್ತಿರುತ್ತದೆ. ಮೋಡ ಕವಿದ ದಿನ ಹೆರೆದು ಸಂಜೆ ಮಳೆ ಬಂದರೆ, ಅರ್ಧ ಕಳೆಗೆ ನೀವೇ ನಾಟಿ ಮಾಡಿಕೊಟ್ಟ ಹಾಗೆ.

ಕೈಯಲ್ಲಿ ಕೀಳುವುದಿದ್ದರೆ ತದ್ವಿರುದ್ಧ. ಮಳೆ ನಿಂತ ಮರುದಿನ, ಮಣ್ಣು ಹದವಾಗಿದ್ದಾಗ ಕೀಳಿ. ಮುಷ್ಟಿಯಲ್ಲಿ ಹಿಡಿದರೆ ಉಂಡೆ ಕಟ್ಟಬೇಕು, ಬೆರಳಿಂದ ಒತ್ತಿದರೆ ಪುಡಿಯಾಗಬೇಕು, ಅದು ಹದ. ಬುಡದಲ್ಲೇ ಹಿಡಿದು, ಜಗ್ಗದೆ, ನಿಧಾನವಾಗಿ ನೇರಕ್ಕೆ ಎಳೆಯಿರಿ. ಕೆಸರಿನಂತಿದ್ದರೆ ಮಡಿಗೆ ಇಳಿಯಲೇಬೇಡಿ, ಮಣ್ಣು ತುಳಿದು ಗಟ್ಟಿಯಾಗುತ್ತದೆ.

ಬೆಳೆಯ ಕಾಂಡಕ್ಕೆ ಅಂಟಿಕೊಂಡೇ ಬೆಳೆದ ಕಳೆಯನ್ನು ಕಿತ್ತರೆ ಸಸಿಯ ಬೇರೂ ಅಲ್ಲಾಡುತ್ತದೆ. ಅಲ್ಲಿ ಕತ್ತರಿ ತಗೊಂಡು ನೆಲಮಟ್ಟಕ್ಕೆ ಕತ್ತರಿಸಿ. ಸಣ್ಣ ಕೆಲಸ ಅನ್ನಿಸಬಹುದು, ಈರುಳ್ಳಿ ಮತ್ತು ಗಜ್ಜರಿ ಮಡಿಯಲ್ಲಿ ಇದು ತುಂಬಾ ಉಪಯೋಗಕ್ಕೆ ಬರುತ್ತದೆ.

ಪಾರ್ಥೇನಿಯಂ ಕೀಳುವಾಗ ಕೈಗವಸು ಬೇಕೇ ಬೇಕು. ಅದು ತಾಗಿದರೆ ಹಲವರಿಗೆ ಚರ್ಮ ತುರಿಸಿ ಕೆಂಪಾಗುತ್ತದೆ. ಹೂವಾದ ಮೇಲೆ ಅದರ ಹುಡಿಯಿಂದ ಮೂಗು, ಉಸಿರಿನ ತೊಂದರೆಯೂ ಆಗಬಹುದು. ತುಂಬುತೋಳಿನ ಬಟ್ಟೆ ಹಾಕಿಕೊಂಡು, ಹೂವಿಗೆ ಮೊದಲೇ ಕಿತ್ತು ಮುಗಿಸಿ.

ಎಷ್ಟು ದಿನಕ್ಕೊಮ್ಮೆ? ವಾರಕ್ಕೆ ಎರಡು ಸಲ ಹದಿನೈದು ನಿಮಿಷ ಸಾಕು, ತಿಂಗಳಿಗೊಮ್ಮೆ ಇಡೀ ಭಾನುವಾರ ಬೆವರು ಸುರಿಸುವುದಕ್ಕಿಂತ ಇದೇ ವಾಸಿ. ಬೆಳೆಗೆ ಕಳೆಯಿಂದ ಹೆಚ್ಚು ನಷ್ಟ ಆಗುವುದು ಅದರ ಆಯಸ್ಸಿನ ಮೊದಲ ಮೂರನೇ ಒಂದು ಭಾಗದಲ್ಲಿ. ಮೂರು ತಿಂಗಳ ಬೆಳೆಯಾದರೆ ಮೊದಲ ನಾಲ್ಕೈದು ವಾರ ಕಣ್ಣಿಟ್ಟು ಕಾಯಿರಿ. ಆಮೇಲೆ ಎಲೆಗಳು ಹರಡಿ ನೆರಳು ಬಿದ್ದರೆ ಕಳೆಗೆ ಬಲ ಇರುವುದಿಲ್ಲ.

ಹೆಜ್ಜೆ 3: ನೆಲಕ್ಕೆ ಹೊದಿಕೆ ಹಾಕಿ

ನನ್ನ ಕೇಳಿದರೆ ಇಡೀ ಲೇಖನದಲ್ಲಿ ಇದೊಂದನ್ನೇ ಓದಿದರೂ ಸಾಕು. ಬರಿ ನೆಲ ಎಲ್ಲಿದೆಯೋ ಅಲ್ಲಿ ಏನೋ ಒಂದು ಬೆಳೆಯುತ್ತದೆ. ನೀವು ಏನೂ ಬೆಳೆಸದಿದ್ದರೆ, ಹೊದಿಸದಿದ್ದರೆ, ಆ ಜಾಗ ಕಳೆಗೆ. ಹೊದಿಕೆ ಹಾಕಿದರೆ ಬೆಳಕು ತಪ್ಪುತ್ತದೆ, ಹಾಗಾಗಿ ಹೆಚ್ಚಿನ ಬೀಜ ಏಳುವುದಿಲ್ಲ. ಎದ್ದವೂ ಬೆಳಕು ಹುಡುಕಿ ಸೋತು ಬಿಳಿಚಿಕೊಳ್ಳುತ್ತವೆ. ಜೊತೆಗೆ ಮಣ್ಣಿನ ತೇವ ಉಳಿಯುತ್ತದೆ, ಎರೆಹುಳ ಮೇಲೆ ಬರುತ್ತವೆ.

ಏನು ಹಾಕಬಹುದು? ಒಣ ಎಲೆ, ಹುಲ್ಲು, ಮರದ ಚಕ್ಕೆ, ಕತ್ತರಿಸಿದ ಸೊಪ್ಪು, ಹಳೆ ರಟ್ಟಿನ ಡಬ್ಬ. ಯಾವುದು ಸುಲಭವಾಗಿ ಸಿಗುತ್ತದೋ ಅದು. ಆದರೆ ಒಂದೊಂದಕ್ಕೂ ಒಂದೊಂದು ಗುಣ ಇದೆ.

ಒಣ ಎಲೆ ಇಡಿಯಾಗಿ ಹಾಕಿದರೆ ಮಳೆಗೆ ಒಂದಕ್ಕೊಂದು ಅಂಟಿ ತಗಡಿನ ಹಾಗಾಗುತ್ತದೆ, ನೀರು ಕೆಳಗಿಳಿಯುವುದಿಲ್ಲ. ಚೀಲಕ್ಕೆ ತುಂಬಿ ಕಾಲಲ್ಲಿ ತುಳಿದು ಪುಡಿ ಮಾಡಿ ಹಾಕಿ.

ಒಣಹುಲ್ಲಿನಲ್ಲಿ ಕಾಳು, ತೆನೆ ಉಳಿದಿದೆಯಾ ನೋಡಿ. ಕಳೆ ತಡೆಯಲು ಹಾಕಿದ ಹುಲ್ಲಿನಿಂದಲೇ ಹೊಸ ಹುಲ್ಲು ಎದ್ದರೆ ನಗಬೇಕೋ ಅಳಬೇಕೋ ತಿಳಿಯುವುದಿಲ್ಲ. ಇನ್ನೊಂದು ವಿಷಯವೂ ಇದೆ. ಹುಲ್ಲುಗಾವಲಿಗೆ ಹೊಡೆಯುವ ಅಮಿನೋಪೈರಾಲಿಡ್‌ನಂಥ ಕೆಲವು ಕಳೆನಾಶಕಗಳು ಹುಲ್ಲಿನಲ್ಲೂ, ಅದನ್ನು ತಿಂದ ದನದ ಗೊಬ್ಬರದಲ್ಲೂ ತಿಂಗಳುಗಟ್ಟಲೆ ಉಳಿಯುತ್ತವೆ. ಟೊಮೆಟೊ, ಬೀನ್ಸ್ ಗಿಡಗಳ ಎಲೆ ಮುದುಡಿ ಹೋಗುತ್ತದೆ. ಅನುಮಾನ ಇದ್ದರೆ ಎರಡು ಕುಂಡದಲ್ಲಿ ಬೀನ್ಸ್ ಬೀಜ ಹಾಕಿ, ಒಂದಕ್ಕೆ ಆ ಗೊಬ್ಬರ ಬೆರೆಸಿ, ಇನ್ನೊಂದಕ್ಕೆ ಬೇಡ. ಮೂರು ವಾರದಲ್ಲಿ ಎಲೆ ನೋಡಿದರೆ ಉತ್ತರ ಸಿಗುತ್ತದೆ.

ಮರದ ಚಕ್ಕೆ ಓಡಾಡುವ ದಾರಿಗೆ, ಮರಗಳ ಸುತ್ತಕ್ಕೆ ಒಳ್ಳೆಯದು. ಹಸಿ ಗರಗಸದ ಪುಡಿಯನ್ನು ಮಣ್ಣಿಗೆ ಬೆರೆಸಬೇಡಿ. ಅದು ಕೊಳೆಯುವಾಗ ಮಣ್ಣಿನ ಸಾರಜನಕವನ್ನು ಎಳೆದುಕೊಳ್ಳುತ್ತದೆ, ಗಿಡದ ಎಲೆ ಹಳದಿಯಾಗುತ್ತದೆ. ಮೇಲ್ಮೈಯಲ್ಲಿ ತೆಳುವಾಗಿ ಹರಡಿದರೆ ಅಷ್ಟು ತೊಂದರೆ ಇಲ್ಲ.

ರಟ್ಟು ನನ್ನ ಅಚ್ಚುಮೆಚ್ಚು. ಹುಲ್ಲು ಬೆಳೆದ ಜಾಗವನ್ನು ಹೊಸ ಮಡಿ ಮಾಡಬೇಕಾದರೆ ಅಗೆಯುವ ಗೋಜಿಗೇ ಹೋಗುವುದಿಲ್ಲ. ಹುಲ್ಲನ್ನು ನೆಲಮಟ್ಟಕ್ಕೆ ಕೊಯ್ದು, ಚೆನ್ನಾಗಿ ನೀರು ಬಿಟ್ಟು, ಮೇಲೆ ರಟ್ಟು ಹಾಸುತ್ತೇನೆ. ಅಂಟುಪಟ್ಟಿ, ಪಿನ್ನು ಎಲ್ಲ ಮೊದಲೇ ಕಿತ್ತಿರಬೇಕು, ಹೊಳಪಿನ ಬಣ್ಣದ ರಟ್ಟು ಬೇಡ. ಒಂದರ ಮೇಲೆ ಇನ್ನೊಂದು ಕನಿಷ್ಠ 15 ಸೆಂಟಿಮೀಟರ್ ಬರುವಂತೆ ಹಾಸಿ. ಇಲ್ಲಿ ಕಂಜೂಸಿ ಮಾಡಿದರೆ ಸಂದಿಯಲ್ಲೇ ಹುಲ್ಲು ತೂರಿ ಬರುತ್ತದೆ. ರಟ್ಟನ್ನು ಒದ್ದೆ ಮಾಡಿ ಅದರ ಮೇಲೆ 10 ಸೆಂಟಿಮೀಟರ್‌ನಷ್ಟು ಕಳಿತ ಗೊಬ್ಬರ ಅಥವಾ ಎಲೆಗೊಬ್ಬರ ಹಾಕಿ. ಸಸಿಗಳನ್ನು ಅದೇ ದಿನ ಅದರಲ್ಲೇ ನೆಡಬಹುದು. ಕೆಲವು ತಿಂಗಳಲ್ಲಿ ರಟ್ಟು ಕರಗಿ ಮಣ್ಣಾಗುತ್ತದೆ, ಕೆಳಗಿನ ಹುಲ್ಲೂ ಕೊಳೆತಿರುತ್ತದೆ.

ಹೊದಿಕೆಯ ದಪ್ಪ 5ರಿಂದ 10 ಸೆಂಟಿಮೀಟರ್ ಇರಲಿ. ಎರಡು ಸೆಂಟಿಮೀಟರ್ ಹಾಕಿ 'ಕೆಲಸ ಮಾಡಲಿಲ್ಲ' ಅನ್ನುವವರೇ ಜಾಸ್ತಿ. ಅಷ್ಟು ತೆಳು ಹೊದಿಕೆ ತೇವ ಉಳಿಸಿ ಕಳೆ ಬೀಜಕ್ಕೇ ಉಪಕಾರ ಮಾಡುತ್ತದೆ. ಗಿಡದ ಕಾಂಡಕ್ಕೆ ತಾಗಿಸಬೇಡಿ, ನಾಲ್ಕು ಬೆರಳಷ್ಟು ಜಾಗ ಬಿಡಿ, ಇಲ್ಲದಿದ್ದರೆ ಬುಡ ಕೊಳೆಯುತ್ತದೆ. ಸಣ್ಣ ಬೀಜ ಬಿತ್ತಿದ ಸಾಲಿನ ಮೇಲೂ ಬೇಡ, ಸಸಿ ಒಂದು ಗೇಣು ಎತ್ತರ ಆದ ಮೇಲೆ ಹಾಕಿ. ಹೊದಿಕೆ ಕೊಳೆತು ಇಳಿಯುತ್ತಲೇ ಇರುತ್ತದೆ, ಆಗಾಗ ಮೇಲೆ ತುಂಬಬೇಕು.

ಬಸವನಹುಳದ ಕಾಟ ಇರುವ ಜಾಗದಲ್ಲಿ ದಪ್ಪ ಹೊದಿಕೆ ಅದಕ್ಕೆ ಮನೆ ಕಟ್ಟಿಕೊಟ್ಟಂತೆ. ಅಲ್ಲಿ ಸಸಿ ಬಲಿಯುವವರೆಗೆ ತೆಳುವಾಗಿಯೇ ಇಟ್ಟು, ಕೈಯಲ್ಲಿ ಹೆರೆಯುವುದನ್ನು ಹೆಚ್ಚು ಮಾಡಿ.

ಹೆಜ್ಜೆ 4: ಬಿತ್ತುವ ಮೊದಲೇ ಕಳೆಗೆ ಮೋಸ ಮಾಡಿ

ಬೀಜ ಬಿತ್ತುವ ಮಡಿಗೆ ಇದು ಬಹಳ ಒಳ್ಳೆಯ ಉಪಾಯ. ಸೊಪ್ಪು, ಗಜ್ಜರಿ, ಮೂಲಂಗಿಯಂಥವಕ್ಕೆ ಮಡಿಯನ್ನು ಎರಡು ಮೂರು ವಾರ ಮುಂಚೆಯೇ ಸಿದ್ಧ ಮಾಡಿ. ಗೊಬ್ಬರ ಹಾಕಿ, ಸಮ ಮಾಡಿ, ಬಿತ್ತಿದ ಹಾಗೆಯೇ ನೀರು ಕೊಡಿ. ಆದರೆ ಬಿತ್ತಬೇಡಿ.

ಹತ್ತು ದಿನದಲ್ಲಿ ಮಡಿ ಹಸಿರಾಗುತ್ತದೆ. ಬಿಸಿಲಿನ ದಿನ ನೋಡಿ ಮೇಲ್ಮೈಯನ್ನಷ್ಟೇ ಹೆರೆದು ಹಾಕಿ. ಸಮಯ ಇದ್ದರೆ ಮತ್ತೊಮ್ಮೆ ನೀರು ಕೊಟ್ಟು ಇನ್ನೊಂದು ಸುತ್ತು. ಆಮೇಲೆ ನಿಮ್ಮ ಬೀಜ ಬಿತ್ತಿ. ಬಿತ್ತುವಾಗ ಮತ್ತೆ ಆಳಕ್ಕೆ ಕೈ ಹಾಕಿದರೆ ಮಾಡಿದ್ದೆಲ್ಲ ನೀರುಪಾಲು, ಹೊಸ ಬೀಜಗಳನ್ನು ಮೇಲೆ ತಂದಂತಾಗುತ್ತದೆ. ಸಾಲಿಗೆ ಬೇಕಾದಷ್ಟು ಗೆರೆ ಎಳೆಯಿರಿ, ಅಷ್ಟೇ.

ಬಿಸಿಲು ಜೋರಾಗಿರುವ ಜಾಗದಲ್ಲಿ ಇನ್ನೊಂದು ದಾರಿ ಇದೆ, ಮಣ್ಣನ್ನು ಬಿಸಿಲಲ್ಲಿ ಬೇಯಿಸುವುದು. 1970ರ ದಶಕದಲ್ಲಿ ಇಸ್ರೇಲಿನ ವಿಜ್ಞಾನಿಗಳು ಮಣ್ಣಿನ ರೋಗಗಳಿಗೆಂದು ಬೆಳೆಸಿದ ವಿಧಾನ ಇದು, ಕಳೆಗೂ ಕೆಲಸ ಮಾಡುತ್ತದೆ. ಖಾಲಿ ಮಡಿಯನ್ನು ಸಮ ಮಾಡಿ, ಒಂದು ಗೇಣು ಆಳದವರೆಗೆ ನೆನೆಯುವಷ್ಟು ನೀರು ಕೊಡಿ. ತೆಳುವಾದ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯನ್ನು ಮಣ್ಣಿಗೆ ಅಂಟುವಂತೆ ಬಿಗಿಯಾಗಿ ಹಾಸಿ. ನಾಲ್ಕೂ ಅಂಚನ್ನು ಮಣ್ಣಲ್ಲಿ ಹೂತು ಗಾಳಿಯಾಡದಂತೆ ಮಾಡಿ. ಕಡು ಬೇಸಿಗೆಯಲ್ಲಿ 4ರಿಂದ 6 ವಾರ ಹಾಗೇ ಬಿಡಿ. ಮೇಲ್ಮಣ್ಣು 50 ಡಿಗ್ರಿ ಸೆಲ್ಸಿಯಸ್ ಆಸುಪಾಸಿಗೆ ಕಾಯುತ್ತದೆ, ಅಲ್ಲಿರುವ ಬೀಜಗಳಲ್ಲಿ ಬಹಳಷ್ಟು ಸಾಯುತ್ತವೆ. ನೆರಳಿನ ಜಾಗದಲ್ಲಿ, ಮೋಡದ ತಿಂಗಳಲ್ಲಿ ಇದನ್ನು ಮಾಡಿದರೆ ಕಳೆಗೆ ಬೆಚ್ಚನೆಯ ಮನೆ ಕೊಟ್ಟಂತಾಗುತ್ತದೆ.

ಕಪ್ಪು ಟಾರ್ಪಾಲಿನ್‌ನ ಲೆಕ್ಕ ಬೇರೆ. ಅದು ಬೇಯಿಸುವುದಿಲ್ಲ, ಕತ್ತಲಲ್ಲಿಟ್ಟು ಕೊಲ್ಲುತ್ತದೆ. ಕೆಳಗಿನ ತೇವ, ಬಿಸಿಗೆ ಬೀಜ ಮೊಳೆಯುತ್ತದೆ, ಬೆಳಕಿಲ್ಲದೆ ಸಾಯುತ್ತದೆ. ಇದಕ್ಕೂ ಒಂದೂವರೆ ತಿಂಗಳು ಕೊಡಿ. ಬಿಸಿಲು ಅಷ್ಟೇನೂ ಇಲ್ಲದ ಕಡೆ ಇದೇ ಸರಿ.

ಜೇಕು ಮತ್ತು ಗರಿಕೆ: ಇವೆರಡಕ್ಕೆ ತಾಳ್ಮೆ ಬೇಕು

ಈಗ ನನ್ನ ಚಾಪೆಯ ಕಥೆಗೆ ಬರುತ್ತೇನೆ. ಜೇಕನ್ನು ಕೊನ್ನಾರಿ ಅಂತಲೂ ಕರೆಯುತ್ತಾರೆ. ಹುಲ್ಲಿನ ಹಾಗೆ ಕಂಡರೂ ಹುಲ್ಲಲ್ಲ. ಅದರ ಹೂವಿನ ಕಾಂಡವನ್ನು ಎರಡು ಬೆರಳ ಮಧ್ಯೆ ಹಿಡಿದು ಹೊರಳಿಸಿ ನೋಡಿ, ಮೂರು ಮೂಲೆ ಕೈಗೆ ಸಿಗುತ್ತದೆ. ಎಳೆದರೆ 'ಟಕ್' ಅಂತ ಸಣ್ಣ ಸದ್ದಾಗಿ ಮೇಲಿನ ಭಾಗ ಮಾತ್ರ ಬರುತ್ತದೆ. ತುದಿಯಲ್ಲಿ ಕಪ್ಪು ದಾರದಂಥದ್ದು ಜೋತಾಡುತ್ತದೆ. ಗಡ್ಡೆ ಮಣ್ಣಲ್ಲೇ ಉಳಿಯಿತು ಅಂತ ಅರ್ಥ.

ಆ ಗಡ್ಡೆಗಳು ಒಂಟಿಯಾಗಿರುವುದಿಲ್ಲ, ಮಣಿಸರದಂತೆ ಒಂದಕ್ಕೊಂದು ಪೋಣಿಸಿಕೊಂಡಿರುತ್ತವೆ. ಸರ ಇಡಿಯಾಗಿರುವವರೆಗೆ ಮುಂದಿನ ಗಡ್ಡೆ ಚಿಗುರುತ್ತಾ ಹಿಂದಿನವನ್ನು ಮಲಗಿಸಿಟ್ಟಿರುತ್ತದೆ. ಗುದ್ದಲಿಯಲ್ಲಿ ಕಡಿದು ಸರ ತುಂಡು ಮಾಡಿದರೆ, ಮಲಗಿದ್ದವೆಲ್ಲ ಒಂದೊಂದೂ ಸ್ವತಂತ್ರವಾಗಿ ಚಿಗುರುತ್ತವೆ. ನಾನು ಅವತ್ತು ಮಾಡಿದ್ದು ಸರಿಯಾಗಿ ಅದನ್ನೇ.

ಹಾಗಾದರೆ ಏನು ಮಾಡಬೇಕು? ಗಡ್ಡೆಯ ಗಂಟು ಖಾಲಿ ಮಾಡಿಸಬೇಕು. ಪ್ರತಿ ಸಲ ಚಿಗುರಲು ಗಡ್ಡೆ ತನ್ನ ಕೂಡಿಟ್ಟ ಸತ್ವ ಖರ್ಚು ಮಾಡುತ್ತದೆ. ಐದಾರು ಎಲೆ ಬರುವವರೆಗೆ ಆ ಗಿಡ ಹೊಸ ಗಡ್ಡೆ ಕಟ್ಟುವುದಿಲ್ಲ. ಅಷ್ಟರೊಳಗೆ ತೆಗೆದರೆ ಖರ್ಚು ಮಾತ್ರ ಆಗುತ್ತದೆ, ಆದಾಯ ಇಲ್ಲ. ಬೆಚ್ಚಗಿನ ಕಾಲದಲ್ಲಿ ಇದು ಎರಡು ಮೂರು ವಾರಕ್ಕೊಂದು ಸುತ್ತು. ಮೊದಲ ಮೂರು ಸುತ್ತಿಗೆ ಏನೂ ಬದಲಾದಂತೆ ಕಾಣುವುದಿಲ್ಲ, ಅಲ್ಲಿಗೇ ಹೆಚ್ಚಿನವರು ಕೈ ಬಿಡುತ್ತಾರೆ. ನಿಲ್ಲಿಸಬೇಡಿ. ನಡುವೆ ಒಂದು ತಿಂಗಳು ಮರೆತರೆ ಗಡ್ಡೆ ಮತ್ತೆ ತುಂಬಿಕೊಳ್ಳುತ್ತದೆ, ಮೊದಲಿನಿಂದ ಶುರು.

ಸಣ್ಣ ಜಾಗವಾದರೆ ಅಗೆದೇ ತೆಗೆಯಬಹುದು, ಆದರೆ ಕಡಿಯಬಾರದು. ಮುಳ್ಳುಗುದ್ದಲಿಯಲ್ಲಿ ಒಂದು ಅಡಿ ಆಳದಿಂದ ಮಣ್ಣನ್ನು ಹಾಗೇ ಎತ್ತಿ, ಕೈಯಲ್ಲಿ ಬಿಡಿಸಿ, ಗಡ್ಡೆ ಆರಿಸಿ. ಕಡಲೆಕಾಳಿನಷ್ಟು ಚಿಕ್ಕವೂ ಇರುತ್ತವೆ. ಒಂದು ಚದರ ಮೀಟರಿಗೆ ಅರ್ಧ ದಿನ ಬೇಕು, ಮೊದಲೇ ಹೇಳಿಬಿಡುತ್ತೇನೆ. ಪ್ಲಾಸ್ಟಿಕ್ ಹಾಳೆ ಇದರ ಮುಂದೆ ನಡೆಯುವುದಿಲ್ಲ, ಸೂಜಿಯಂಥ ಮೊಳಕೆ ತೂತು ಮಾಡಿಕೊಂಡೇ ಮೇಲೆ ಬರುತ್ತದೆ. ಜೇಕಿಗೆ ಆಗದ ವಿಷಯ ಅಂದರೆ ನೆರಳು. ಎಲೆ ದಟ್ಟವಾಗಿ ಹರಡುವ ಗೆಣಸು ಅಥವಾ ಕುಂಬಳ ಬಳ್ಳಿಯನ್ನು ಆ ಜಾಗಕ್ಕೆ ಬಿಟ್ಟು, ನಡುವೆ ಇಣುಕಿದ್ದನ್ನು ತೆಗೆಯುತ್ತಿದ್ದರೆ ನಿಧಾನವಾಗಿ ಸೊರಗುತ್ತದೆ.

ಗರಿಕೆ ಸ್ವಲ್ಪ ವಾಸಿ, ಯಾಕೆಂದರೆ ಅದರ ಬಹುಪಾಲು ಓಟ ಮೇಲಿನ ಒಂದು ಗೇಣಿನಲ್ಲೇ. ಆದರೆ ಎರಡು ಗೆಣ್ಣಿರುವ ತುಂಡು ಉಳಿದರೂ ಸಾಕು, ಹೊಸ ಗಿಡ. ಅಗೆದ ಬೇರುಗಳನ್ನು ಕಲ್ಲು ಅಥವಾ ತಗಡಿನ ಮೇಲೆ ಬಿಸಿಲಿಗೆ ಹರಡಿ ಗರಿಗರಿಯಾಗುವವರೆಗೆ ಒಣಗಿಸಿ. ಮಡಿಗೆ ಪಕ್ಕದ ಹುಲ್ಲಿನಿಂದ ನುಗ್ಗುತ್ತಿದ್ದರೆ ಅಂಚಿನಲ್ಲಿ 20 ಸೆಂಟಿಮೀಟರ್ ಆಳಕ್ಕೆ ಚಪ್ಪಡಿ, ಹಂಚು ಅಥವಾ ದಪ್ಪ ಹಾಳೆ ನಿಲ್ಲಿಸಿ. ತಿಂಗಳಿಗೊಮ್ಮೆ ಆ ಅಂಚಿನ ಉದ್ದಕ್ಕೂ ನಡೆದು, ದಾಟಿ ಬಂದ ಬಳ್ಳಿಯನ್ನು ಕತ್ತರಿಸಿ.

ಗಿಡಗಳನ್ನೇ ಕಾವಲಿಗೆ ಹಾಕಿ

ಎಲೆಗಳು ಒಂದಕ್ಕೊಂದು ತಾಗುವಷ್ಟು ಹತ್ತಿರ ನೆಟ್ಟರೆ ನೆಲ ಬಿಸಿಲು ಕಾಣುವುದಿಲ್ಲ. ಟೊಮೆಟೊ ಬುಡದಲ್ಲಿ ಸೊಪ್ಪು, ಎತ್ತರದ ಜೋಳದ ನಡುವೆ ಅಲಸಂದೆ, ಹೀಗೆ ಜಾಗ ತುಂಬಿ. ಬೀಜ ಬಿತ್ತುವುದಕ್ಕಿಂತ ಸಸಿ ನೆಟ್ಟರೆ ನಿಮ್ಮ ಗಿಡಕ್ಕೆ ಮೂರ್ನಾಲ್ಕು ವಾರ ಮುಂದೆ ಓಡಿದಷ್ಟು ಲಾಭ. ಮಡಿ ಖಾಲಿ ಬಿಡುವ ತಿಂಗಳಲ್ಲಿ ಸೆಣಬು ಅಥವಾ ಹುರುಳಿಯನ್ನು ಒತ್ತಾಗಿ ಚೆಲ್ಲಿ. ಹೂ ಬರುವ ಹೊತ್ತಿಗೆ ಕೊಯ್ದು ಅಲ್ಲೇ ಹೊದಿಕೆಯಾಗಿ ಹಾಸಿ.

ನೀರನ್ನು ಗಿಡದ ಬುಡಕ್ಕೆ ಮಾತ್ರ ಕೊಡಿ. ಹನಿ ನೀರಾವರಿ ಇದ್ದರೆ ಸರಿ, ಇಲ್ಲದಿದ್ದರೆ ಚೆಂಬೂ ಸಾಕು. ಪೈಪು ಹಿಡಿದು ಇಡೀ ಮಡಿಗೆ ಚಿಮುಕಿಸಿದರೆ ಕಳೆಗೂ ನೀವೇ ನೀರು ಹಾಕಿದ ಹಾಗೆ, ಅಲ್ವಾ?

ವಿನೆಗರ್, ಉಪ್ಪು, ಕುದಿಯುವ ನೀರು

ಈ ಮೂರರ ಬಗ್ಗೆ ವಿಡಿಯೋಗಳು ಬೇಕಾದಷ್ಟಿವೆ. ರಾಸಾಯನಿಕ ಅಲ್ಲ, ಹಾಗಾಗಿ ಅಪಾಯ ಇಲ್ಲ ಅನ್ನುವ ನಂಬಿಕೆ. ಅದು ತಪ್ಪು.

ಉಪ್ಪನ್ನು ಮಣ್ಣಿಗೆ ಹಾಕಲೇಬೇಡಿ. ಕಳೆ ಸಾಯುತ್ತದೆ ನಿಜ, ಆಮೇಲೆ ಅಲ್ಲಿ ನಿಮ್ಮ ಗಿಡವೂ ಬರುವುದಿಲ್ಲ. ಮಳೆಗೆ ಕರಗಿ ಪಕ್ಕದ ಮಡಿಗೂ ಹರಿಯುತ್ತದೆ. ಅಡುಗೆ ಸೋಡಾದ ಕಥೆಯೂ ಅದೇ, ಅದರಲ್ಲೂ ಸೋಡಿಯಂ ಇದೆ.

ಸಾಮಾನ್ಯ ವಿನೆಗರ್‌ನಲ್ಲಿ ಶೇಕಡಾ 5ರ ಆಸುಪಾಸು ಅಸಿಟಿಕ್ ಆಮ್ಲ ಇರುತ್ತದೆ. ಬಿಸಿಲಲ್ಲಿ ಎಳೆ ಕಳೆಯ ಮೇಲೆ ಸಿಂಪಡಿಸಿದರೆ ಎಲೆ ಸುಟ್ಟಂತಾಗುತ್ತದೆ. ಬೇರಿಗೆ ಏನೂ ಆಗುವುದಿಲ್ಲ, ಬಲಿತ ಗಿಡ ಮತ್ತೆ ಚಿಗುರುತ್ತದೆ. ನಿಮ್ಮ ತರಕಾರಿ ಮೇಲೆ ಬಿದ್ದರೆ ಅದೂ ಸುಡುತ್ತದೆ. ಶೇಕಡಾ 20ರ ತೀಕ್ಷ್ಣ ವಿನೆಗರ್ ಕಣ್ಣು, ಚರ್ಮಕ್ಕೆ ಹಾನಿ ಮಾಡಬಲ್ಲದು, ಮನೆ ತೋಟಕ್ಕೆ ಅದರ ಅಗತ್ಯ ಇಲ್ಲ.

ಕುದಿಯುವ ನೀರು ಕಲ್ಲುಹಾಸಿನ ಸಂದಿಗೆ ಒಳ್ಳೆಯದು. ಮೂತಿ ಇರುವ ಪಾತ್ರೆಯಿಂದ ನಿಧಾನವಾಗಿ ಬುಡಕ್ಕೆ ಸುರಿಯಿರಿ, ಕಾಲಿಗೆ ಮುಚ್ಚಿದ ಚಪ್ಪಲಿ ಇರಲಿ. ಮಡಿಯಲ್ಲಿ ಬೇಡ, ಎರೆಹುಳವೂ ಬೇಯುತ್ತದೆ. ಬೆಂಕಿ ಉಗುಳುವ ಉಪಕರಣಗಳೂ ಇವೆ. ಒಣಹುಲ್ಲು ಹೊದಿಸಿದ ತೋಟದಲ್ಲಿ ಬೆಂಕಿ ಹಿಡಿದು ಓಡಾಡುವ ಧೈರ್ಯ ನನಗಂತೂ ಇಲ್ಲ.

ಕಿತ್ತ ಕಳೆಯನ್ನು ಏನು ಮಾಡುವುದು?

ಹೂವಾಗದ, ಗಡ್ಡೆ ಇಲ್ಲದ ಎಳೆ ಕಳೆಯನ್ನು ಬೇರಿನ ಮಣ್ಣು ಕೊಡವಿ ಅಲ್ಲೇ ಹೊದಿಕೆಯ ಮೇಲೆ ಹಾಕಿ. ಮಣ್ಣಿಂದ ಎಳೆದುಕೊಂಡ ಸತ್ವ ಮಣ್ಣಿಗೇ ಸೇರುತ್ತದೆ. ಗೋಣಿಸೊಪ್ಪನ್ನು ಮಾತ್ರ ಹೀಗೆ ಬಿಡಬೇಡಿ. ಅದರ ದಪ್ಪ ಕಾಂಡದಲ್ಲಿ ನೀರಿರುತ್ತದೆ, ಕಿತ್ತು ಬಿಸಾಡಿದ ಮೇಲೂ ಬೇರು ಬಿಡುತ್ತದೆ, ಬಿದ್ದಲ್ಲೇ ಬೀಜವನ್ನೂ ಬಲಿಸುತ್ತದೆ.

ಬೀಜ ಕಟ್ಟಿದ್ದು, ಗಡ್ಡೆ ಇರುವುದು ಗೊಬ್ಬರದ ಗುಂಡಿಗೆ ಬೇಡ. ಗೊಬ್ಬರದ ರಾಶಿ 55ರಿಂದ 60 ಡಿಗ್ರಿಗೆ ಕಾದು ಹಲವು ದಿನ ಹಾಗೇ ನಿಂತರೆ ಮಾತ್ರ ಬೀಜ ಸಾಯುತ್ತದೆ. ಮನೆಯ ಸಣ್ಣ ರಾಶಿ ಸಾಮಾನ್ಯವಾಗಿ ಅಷ್ಟು ಕಾಯುವುದಿಲ್ಲ. ಇಂಥವನ್ನು ಮುಚ್ಚಳ ಇರುವ ಬಕೆಟ್ಟಿನಲ್ಲಿ ನೀರಲ್ಲಿ ಮುಳುಗಿಸಿ, ಮೇಲೆ ಕಲ್ಲು ಹೇರಿ ಒಂದು ತಿಂಗಳು ಬಿಡಿ. ಗಬ್ಬು ನಾತ ಬರುತ್ತದೆ, ಮನೆಯಿಂದ ದೂರ ಇಡಿ. ಆ ನೀರನ್ನು ಸೋಸಿ, ಒಂದಕ್ಕೆ ಹತ್ತು ಪಾಲು ನೀರು ಬೆರೆಸಿ ಗಿಡದ ಬುಡಕ್ಕೆ ಹಾಕಬಹುದು. ಬೀಜದ ತೆನೆಗಳನ್ನು ಮಾತ್ರ ಮೊದಲೇ ಕತ್ತರಿಸಿ ಕಪ್ಪು ಚೀಲದಲ್ಲಿ ಬಿಗಿಯಾಗಿ ಕಟ್ಟಿ ಕಸಕ್ಕೆ ಕೊಡುವುದು ನಿಶ್ಚಿಂತೆ.

ಹೊರಗಿನಿಂದ ಬರುವುದನ್ನು ತಡೆಯಿರಿ

ಒಮ್ಮೆ ಕೊಂಡು ತಂದ ಗೊಬ್ಬರದ ಚೀಲದಿಂದ ನಮ್ಮ ಬದನೆ ಮಡಿಯಲ್ಲಿ, ಅದುವರೆಗೆ ಒಂದೂ ಇರದಿದ್ದ ಮುಳ್ಳುಹರಿವೆ ಎದ್ದಿತು. ಪೂರ್ತಿ ಕಳಿಯದ ಗೊಬ್ಬರದಲ್ಲಿ ದನ ತಿಂದ ಕಳೆಯ ಬೀಜ ಹಾಗೇ ಇರುತ್ತದೆ. ಈಗ ಹೊಸ ಗೊಬ್ಬರ ಬಂದರೆ ಒಂದು ಬೋಗುಣಿಯಷ್ಟನ್ನು ತಟ್ಟೆಯಲ್ಲಿ ಹರಡಿ, ಎರಡು ವಾರ ತೇವವಾಗಿಟ್ಟು ಏನು ಮೊಳೆಯುತ್ತದೆ ನೋಡುತ್ತೇನೆ. ನರ್ಸರಿಯಿಂದ ಗಿಡ ತಂದಾಗ ಕುಂಡದ ಮೇಲಿನ ಎರಡು ಸೆಂಟಿಮೀಟರ್ ಮಣ್ಣನ್ನು ಕೆರೆದು ತೆಗೆದುಬಿಡಿ. ಹುಳಿಸೊಪ್ಪಿನ ಕಳೆ ಬರುವ ಹೆದ್ದಾರಿ ಅದೇ. ಅದರ ಕಾಯಿ ಬಲಿತ ಮೇಲೆ ಮುಟ್ಟಿದರೆ ಸಿಡಿದು ಬೀಜ ದೂರಕ್ಕೆ ಹಾರುತ್ತದೆ. ಜೇಕು ಅಗೆದ ಗುದ್ದಲಿಯನ್ನು ತೊಳೆಯದೆ ಬೇರೆ ಮಡಿಗೆ ಇಳಿಸಬೇಡಿ.

ನನ್ನ ಆ ಚಾಪೆ ಜಾಗದಲ್ಲಿ ಎರಡು ವರ್ಷದಿಂದ ಗೆಣಸಿನ ಬಳ್ಳಿ ಇದೆ. ಎರಡು ವಾರಕ್ಕೊಮ್ಮೆ ಬಳ್ಳಿ ಎತ್ತಿ ನೋಡುತ್ತೇನೆ. ಕಳೆದ ಸಲ ಎಣಿಸಿದಾಗ 11 ಜೇಕು, ಎಲ್ಲವೂ ನಾಲ್ಕೆಲೆಯ ಒಳಗಿನವು. ತೆಗೆದು ಹಾಕಲು ಐದು ನಿಮಿಷವೂ ಹಿಡಿಯಲಿಲ್ಲ.